ಗಿಡ್ಡ ಕ್ರ್ಯಾಂಕು ಹಾಕಿದ ಸೈಕಲ್

೧೯೯೮ರಲ್ಲಿ ಜೀವನ್ ಬಿಮಾ ನಗರದಲ್ಲಿ ನನ್ನದೊಂದು ಸೈಕಲ್ ರಿಪೇರಿ ಅಂಗಡಿಯಿತ್ತು. ಸ್ಪ್ಯಾನರ್ ಹಿಡಿಯುವ ಮುಂಚೆಯೇ ಖರ್ಚೆಷ್ಟೆಂದು ಹೇಳಿಬಿಡುವುದು ನನ್ನ ಪದ್ಧತಿ.

ಒಂದು ಬೆಳಿಗ್ಗೆ ಶರಣಮ್ಮ ಎಂಬುವವರು ತುಕ್ಕು ಹಿಡಿದ ಗಂಡಸರ ಸೈಕಲೊಂದನ್ನು ಕಗ್ಗದಾಸಪುರದಿಂದ ತಳ್ಳಿಕೊಂಡು ಬಂದರು. ಯಾದಗಿರಿ ಕಡೆಯವರು, ನಮ್ಮ ಬಡಾವಣೆಯ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದರು.

“ಹೊಸಾದರಂಗ ಮಾಡಿಕೊಡ್ರಿ ಅಣ್ಣಾರ. ಎಷ್ಟಾಗ್ತದ, ಮೊದಲ ಹೇಳಿಬಿಡ್ರಿ.”

ಚೈನು, ಫ್ರೀವೀಲ್, ಎರಡು ಟೈರು ಸೇರಿದರೆ ಆರುನೂರು ದಾಟುತ್ತಿತ್ತು. ಓಡಿಸುವವರು ಯಾರೆಂದು ಕೇಳಿದೆ. ಗಂಡ ಮಲ್ಲಪ್ಪ, ಗಾರೆ ಕೆಲಸದವರು. ಕಟ್ಟಡದಿಂದ ಬಿದ್ದ ಮೇಲೆ ಎಡ ಮೊಣಕಾಲು ಪೂರ್ತಿ ಮಡಚುತ್ತಿರಲಿಲ್ಲ.

“ಮನ್ಯಾಗ ಸುಮ್ಮ ಕುಂತಬಿಟ್ಟಾರ್ರೀ. ಸೈಕಲ್ ಹತ್ತಿದ್ರ ಮೊದಲಿನಂಗ ಮಾತಾಡ್ತಾರ” ಎಂದರು.

“ಹಾಗಾದ್ರೆ ಈಗ್ಲೇ ದುಡ್ಡು ಹಾಕ್ಬೇಡಿ ಅಮ್ಮ. ಮೊದ್ಲು ಅವ್ರನ್ನ ಕರ್ಕೊಂಡ್ಬನ್ನಿ.”

ಭಾನುವಾರ ಇಬ್ಬರೂ ಬಂದರು. ಸೈಕಲನ್ನು ಸ್ಟ್ಯಾಂಡಿಗೆ ಏರಿಸಿ ಮಲ್ಲಪ್ಪನವರನ್ನು ಕೂರಿಸಿದೆ. ಎಡ ಪೆಡಲ್ ಮೇಲೆ ಬರುತ್ತಿದ್ದಂತೆ ಮೊಣಕಾಲು ತಡೆಯಿತು. ಅವರು ಮುಖ ಕಿವುಚಿ ಇಳಿದರು.

“ನಡಿ ಮನೀಗಿ. ನನ್ನ ಮ್ಯಾಲೆ ರೊಕ್ಕ ಹಾಕಬ್ಯಾಡ.”

ಶರಣಮ್ಮ ಹ್ಯಾಂಡಲ್ ಬಿಡಲಿಲ್ಲ.

ಪೆಡಲನ್ನು ಹಿಡಿದಿರುವ ಕಬ್ಬಿಣದ ತೋಳಿಗೆ ಕ್ರ್ಯಾಂಕ್ ಎನ್ನುತ್ತಾರೆ. ಅದು ಗಿಡ್ಡವಾದರೆ ಪೆಡಲ್ ಸುತ್ತುವ ವೃತ್ತ ಸಣ್ಣದಾಗುತ್ತದೆ, ಮೊಣಕಾಲು ಅಷ್ಟು ಮಡಚಬೇಕಾಗಿಲ್ಲ. ಮಕ್ಕಳ ಸೈಕಲ್ಲಿನ ಹಳೆಯ ಕ್ರ್ಯಾಂಕೊಂದು ನನ್ನ ಅಂಗಡಿಯಲ್ಲಿತ್ತು.

“ಇದು, ಬ್ರೇಕ್ ರಬ್ಬರು, ಕೂಲಿ ಸೇರಿ ಎಂಬತ್ತು ರೂಪಾಯಿ. ಚೈನಿಗೆ ಎಣ್ಣೆ ಬಿಟ್ರೆ ಸಾಕು, ಟೈರೂ ಸದ್ಯಕ್ಕೆ ನಡಿಯುತ್ತೆ. ಕಾಲು ತಿರುಗ್ಲಿಲ್ಲಾಂದ್ರೆ ಹಳೇದನ್ನೇ ಹಾಕ್ಕೊಡ್ತೀನಿ, ಏನೂ ಕೊಡ್ಬೇಡಿ” ಎಂದೆ.

ಮಲ್ಲಪ್ಪ ಮೊದಲ ಸಲ ನನ್ನ ಮುಖ ನೋಡಿದರು. “ಅಷ್ಟರಾಗ ಮುಗೀತದೇನ್ರಿ?”

“ಜಾಸ್ತಿ ಆಗೋ ಹಾಗಿದ್ರೆ ಕೆಲಸ ನಿಲ್ಸಿ ನಿಮ್ಮನ್ನ ಕೇಳ್ತೀನಿ.”

ಅವರು ಹೆಂಡತಿಯತ್ತ ತಿರುಗಿ, “ಮಾಡಲಿ ಬಿಡು” ಎಂದರು.

ಎಡಗಡೆಗೆ ಗಿಡ್ಡ ಕ್ರ್ಯಾಂಕು ಕೂರಿಸಿ ಸೀಟು ಎತ್ತರಿಸಿದೆ. ಈ ಸಲ ಕಾಲು ನಿಧಾನವಾಗಿ ಸುತ್ತಿತು. ಇನ್ನೊಂದು ಸುತ್ತು ಹಾಕಿತು. ರಸ್ತೆಗೆ ಇಳಿಸಿದೆವು. ಶರಣಮ್ಮ ಕ್ಯಾರಿಯರ್ ಹಿಡಿದು ಹಿಂದೆಯೇ ನಡೆದರು, ಆಮೇಲೆ ಸೆರಗು ಸಿಕ್ಕಿಸಿ ಓಡಿದರು. ಪಾರ್ಕಿನ ಮೂಲೆಯಲ್ಲಿ ನಿಂತುಬಿಟ್ಟರು.

“ಗಟ್ಟಿ ಹಿಡಿದೀಯಿಲ್ಲೋ?” ಮಲ್ಲಪ್ಪನವರ ದನಿ ಮುಂದಿನಿಂದ ಬಂತು.

“ಬಿಟ್ಟು ಭಾಳ ಹೊತ್ತಾತು!” ಎಂದು ಕೂಗಿದ ಶರಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

ಅಲ್ಲಿಯವರೆಗೆ ನಾನು ಸೈಕಲ್ ನೋಡಿ ಎಸ್ಟಿಮೇಟ್ ಹೇಳುತ್ತಿದ್ದೆ. ಆಮೇಲೆ ಅದನ್ನು ಓಡಿಸುವವರನ್ನು ನೋಡದೆ ಯಾರಿಗೂ ಬೆಲೆ ಹೇಳಲಿಲ್ಲ.