ಗುಂಡ್ಲುಪೇಟೆಯವರೆಗೆ ಹಳಿ

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದೆ ಹಾದುಹೋಗುವವರಿಗೆ, ಜಗಲಿಯ ಮೇಲೆ ಹಳೆಯ ಪತ್ರಿಕೆಯಲ್ಲಿ ಹರವಿಟ್ಟ ಟೀ ಚರಟ ಕಣ್ಣಿಗೆ ಬೀಳುತ್ತದೆ. ಹಪ್ಪಳ ಸಂಡಿಗೆಗಳನ್ನು ಬಿಸಿಲಿಗಿಡುವ ಬೀದಿಯಲ್ಲಿ ಒಬ್ಬ ಗಂಡಸು ಕುಡಿದು ಮುಗಿದ ಟೀಯ ಚರಟವನ್ನು ಬೆರಳಿನಿಂದ ಕೆದಕಿ ಕೆದಕಿ ಒಣಗಿಸುತ್ತ ಕುಳಿತಿದ್ದರೆ ಯಾರಿಗಾದರೂ ಅನುಮಾನ ಬರುವುದು ಸಹಜವೇ. ಎದುರುಮನೆಯ ಪುಟ್ಟಮ್ಮಣ್ಣಿಯವರು ಒಮ್ಮೆ ಗೇಟಿನ ಬಳಿ ನಿಂತು, "ಅದ್ಯಾಕಪ್ಪ ಅದ್ನ ಒಣಗಾಕಿದ್ದೀಯೆ, ತಿರ್ಗಾ ಕಾಯ್ಸೀಯಾ?" ಎಂದು ಕೇಳಿಯೇಬಿಟ್ಟರು. "ಇಲ್ಲ ಕಣಮ್ಮ, ಹೊಲಕ್ಕೆ" ಎಂದೆ. ನನಗೆ ಅಂಗೈಯಗಲ ಹೊಲವೂ ಇಲ್ಲವೆಂದು ಅವರಿಗೆ ಗೊತ್ತು. ಪಾಪ, ಹೆಂಡತಿ ದೂರದಲ್ಲಿದ್ದಾಳೆ, ಅದಕ್ಕೇ ಹೀಗೆ ಎಂಬಂಥ ಒಂದು ನೋಟ ನೋಡಿ ಒಳಗೆ ಹೋದರು.

ಅವರ ಊಹೆ ಪೂರ್ತಿ ತಪ್ಪಲ್ಲ. ಚಾಮರಾಜನಗರದ ಒಂದು ಔಷಧಿ ಅಂಗಡಿಯಲ್ಲಿ ಆರು ದಿನ ಮಾತ್ರೆ ಟಾನಿಕ್ಕುಗಳ ನಡುವೆ ನಿಂತು ಕೆಲಸ ಮಾಡುವ ನಾನು, ಏಳನೆಯ ದಿನ ನಮ್ಮ ನಡುಮನೆಯಲ್ಲಿ ರೈಲು ಮಾರ್ಗ ನಿರ್ಮಿಸುತ್ತೇನೆ. ಮಂಚದಷ್ಟು ಅಗಲದ ಪ್ಲೈವುಡ್ ಮೇಜು, ಅದರ ಮೇಲೆ ಹೆಬ್ಬೆರಳಗಲದ ಹಳಿ, ಹಳಿಯ ಮೇಲೆ ಗೇಣುದ್ದದ ಎಂಜಿನ್ನು. ಒಣಗಿಸಿ ಜರಡಿ ಹಿಡಿದ ಟೀ ಚರಟವನ್ನು ಅಂಟಿನ ನೀರಿನ ಮೇಲೆ ಉದುರಿಸಿದರೆ, ಉತ್ತು ಬಿಟ್ಟ ನಮ್ಮ ಸೀಮೆಯ ಹೊಲ ಅಚ್ಚುಕಟ್ಟಾಗಿ ಮೂಡುತ್ತದೆ. ಔಷಧಿ ತುಂಬಿಕೊಂಡು ಬರುವ ಥರ್ಮಾಕೋಲ್ ಪೆಟ್ಟಿಗೆಗಳು ಗುಡ್ಡಗಳಾಗಿವೆ. ಟಾನಿಕ್ಕಿನ ರಟ್ಟಿನ ಡಬ್ಬಿಗಳು ಕವಲಂದೆಯ, ಬದನಗುಪ್ಪೆಯ ನಿಲ್ದಾಣಗಳಾಗಿವೆ. ಕರಿಕಲ್ಲು ಪಾಲಿಶ್ ಮಾಡುವ ಕಡೆಯಿಂದ ತಂದ ಕಲ್ಲಿನ ಪುಡಿ ಹಳಿಯ ನಡುವಿನ ಜಲ್ಲಿಯಾಗಿದೆ. ವಾರಕ್ಕೆ ಒಂದೇ ದಿನ ಕೆಲಸ ನಡೆಯುವುದರಿಂದ ಈ ಲೋಕದ ಕಾಲವೂ ಭಾನುವಾರ ಮಾತ್ರ ಓಡುತ್ತದೆ. ಒಂದು ವಾರ ಹಳಿ ಬಾಗಿಸಿದರೆ ಅದೇ ಪ್ರಗತಿ. ಇನ್ನೊಂದು ವಾರ ಒಂದು ಹುಣಸೆಮರ ನೆಟ್ಟರೆ ಅದೂ ಪ್ರಗತಿಯೇ.

ನೀವು ನಮ್ಮ ಊರಿಗೆ ರೈಲಿನಲ್ಲಿ ಬಂದಿದ್ದರೆ ಒಂದು ಮಾತು ಒಪ್ಪುತ್ತೀರಿ: ಇದು ಯಾರೂ ದಾಟಿಹೋಗದ ನಿಲ್ದಾಣ. ಮೈಸೂರಿನಿಂದ ಬಂದ ಹಳಿ ಇಲ್ಲಿ ಮುಗಿಯುತ್ತದೆ. ನಿದ್ದೆ ಹೋದವರನ್ನೂ ಎಬ್ಬಿಸಿ ಇಳಿಸುತ್ತಾರೆ. ಮುಂದಕ್ಕೆ ಹಳಿ ಬರುತ್ತದಂತೆ, ಬೆಟ್ಟ ದಾಟಿ ತಮಿಳುನಾಡು ಸೇರುತ್ತದಂತೆ ಎಂಬ ಮಾತನ್ನು ನಾನು ನಿಕ್ಕರು ಹಾಕಿಕೊಂಡಿದ್ದಾಗಿನಿಂದ ಕೇಳುತ್ತಿದ್ದೇನೆ. ಕೊನೆಯ ನಿಲ್ದಾಣದ ಊರಿನವರಿಗೆ ಹಳಿ ಮುಗಿದಲ್ಲಿ ನಿಂತು ಆಚೆಯ ಬಯಲನ್ನು ನೋಡುವ ಅಭ್ಯಾಸವೊಂದು ಬೆಳೆದುಬಿಡುತ್ತದೆ. ನನ್ನ ಪಾಲಿಗೆ ಆ ಆಚೆಯಲ್ಲಿ ಗುಂಡ್ಲುಪೇಟೆಯಿದೆ, ಅದರಾಚೆ ಬಂಡೀಪುರವಿದೆ, ಬಂಡೀಪುರದಲ್ಲಿ ನಾಗಮಣಿಯಿದ್ದಾಳೆ.

ನಾಗಮಣಿ ನನ್ನ ಹೆಂಡತಿ. ಕುದೇರಿನ ನನ್ನ ಸೋದರಮಾವನ ಮಗಳು. ಹಾಗಾಗಿ ಲಂಗ ಉಡುತ್ತಿದ್ದ ಕಾಲದಿಂದಲೂ ನನ್ನನ್ನು 'ಬಾವ' ಎಂದೇ ಕರೆದವಳು. ಜನರೆದುರು 'ನೀವು' ಎನ್ನುತ್ತಾಳೆ, ಬಾಗಿಲು ಹಾಕಿಕೊಂಡರೆ 'ನೀನು'. ಅರಣ್ಯ ಇಲಾಖೆಯಲ್ಲಿ ಗಾರ್ಡ್ ಕೆಲಸ. ಅಲ್ಲಿನ ಕ್ವಾರ್ಟರ್ಸಿನಲ್ಲಿ ಇನ್ನಿಬ್ಬರು ಹೆಣ್ಣುಮಕ್ಕಳ ಜೊತೆ ಒಂದು ಕೋಣೆ ಹಂಚಿಕೊಂಡಿರುವುದರಿಂದ ನಾನು ಅಲ್ಲಿಗೆ ಹೋಗಿ ಉಳಿಯುವಂತಿಲ್ಲ. ರಜ ಸಿಕ್ಕಿದ ಶನಿವಾರ ಸಂಜೆ ಅವಳೇ ಬರುತ್ತಾಳೆ. ಮದುವೆಯಾದಾಗಿನಿಂದ ಹೀಗೇ. ನಮ್ಮ ದಾಂಪತ್ಯವೂ ನನ್ನ ರೈಲಿನಂತೆಯೇ, ವಾರದ ಕೊನೆಯಲ್ಲಿ ಮಾತ್ರ ಓಡುವಂಥದು.

ಬಂದವಳು ತಟ್ಟೆಯಲ್ಲಿ ಅನ್ನ ಕಲಸಿಕೊಂಡು ಮೇಜಿನ ಪಕ್ಕದಲ್ಲೇ ಸ್ಟೂಲು ಎಳೆದು ಕೂರುತ್ತಿದ್ದಳು. ಪಾತ್ರೆ ಉಜ್ಜುವ ನಾರನ್ನು ಕತ್ತರಿಸಿ ಬಣ್ಣ ಹಚ್ಚಿ ನಾನು ಮಾಡಿದ ಮರಗಳ ತಪಾಸಣೆ ಅವಳದು.

"ಇದ್ಯಾವ ಮರ ಬಾವ?"

"ಮರ ಕಣಮ್ಮಿ, ಅಷ್ಟೆ."

"ಬರೀ ಮರ ಅಂತ ಎಲ್ಲೂ ಇಲ್ಲ. ತೇಗವೋ, ಮತ್ತಿಯೋ, ದಿಂಡಿಗವೋ ಏಳು."

ಗೊತ್ತಿಲ್ಲವೆಂದರೆ ಊಟದ ನಡುವೆಯೇ ಎಡಗೈಯಲ್ಲಿ ಆ ಮರ ಕಿತ್ತು, ಎಲೆ ಸವರಿ, ಮತ್ತೆ ನೆಟ್ಟು, "ಈಗ ಮತ್ತಿ ಆಯ್ತು ನೋಡು" ಎನ್ನುತ್ತಿದ್ದಳು. ಅವಳು ಮರಳಿದ ಮೇಲೆ ಆ ವಾರವೆಲ್ಲ ನಾನು ಅಂಗಡಿಯಿಂದ ಬಂದು ದೀಪ ಹಾಕಿದೊಡನೆ ನೋಡುತ್ತಿದ್ದುದು ಆ ಒಂದು ಮರವನ್ನೇ.

ಈ ವರ್ಷ ಬೇಸಿಗೆ ಬೇಗ ಬಂತು. ಬೇಸಿಗೆಯೆಂದರೆ ಕಾಡಿನವರಿಗೆ ಬೆಂಕಿಯ ಕಾಲ. ರಜಗಳೆಲ್ಲ ರದ್ದಾದವು. ಕಾಡಿನಂಚಿನ ಒಣಹುಲ್ಲನ್ನು ಮೊದಲೇ ಸುಟ್ಟು ಬೆಂಕಿ ಹಬ್ಬದಂತೆ ಗಡಿ ಮಾಡುವ ಕೆಲಸ, ಹೊಗೆ ಕಂಡ ಕಡೆಗೆ ಓಡುವ ಕೆಲಸ. ಫೋನು ಸಿಕ್ಕಿದರೆ ಸಿಕ್ಕಿತು. ಸಿಕ್ಕಾಗಲೂ, "ಉಂಡಾ ಬಾವ? ಈ ವಾರಾನೂ ಆಗಲ್ಲ ಕಣೋ" ಎನ್ನುವಷ್ಟರಲ್ಲಿ ಮಾತು ತುಂಡಾಗುತ್ತಿತ್ತು. ಶನಿವಾರಗಳು ಬಂದು ಹೋದವು, ಅವಳು ಬರಲಿಲ್ಲ. ಅವಳಿಲ್ಲದ ಭಾನುವಾರಗಳಲ್ಲಿ ಕೈ ಸುಮ್ಮನಿರಲಾರದೆ ನಾನು ಒಂದು ಕೆಲಸಕ್ಕೆ ಇಳಿದೆ: ಮೇಜಿಗೆ ಹಲಗೆಯೊಂದನ್ನು ಜೋಡಿಸಿ ಚಾಮರಾಜನಗರದ ಹಳಿಯನ್ನು ಮುಂದುವರಿಸತೊಡಗಿದೆ.

ಸರ್ಕಾರ ಮಾಡದ್ದನ್ನು ನಡುಮನೆಯಲ್ಲಿ ಮಾಡುವುದು ಎಷ್ಟು ಸುಲಭ! ಭೂಮಿ ಬಿಡಿಸಿಕೊಳ್ಳಬೇಕಿಲ್ಲ, ಯಾರ ಸಹಿಯೂ ಬೇಡ. ಒಂದು ಭಾನುವಾರ ತೆರಕಣಾಂಬಿ ದಾಟಿದೆ. ಮತ್ತೊಂದರಲ್ಲಿ ಗುಂಡ್ಲುಪೇಟೆಗೆ ನಿಲ್ದಾಣ ಕಟ್ಟಿ, ಪಕ್ಕದಲ್ಲಿ ಚೆಂಡುಹೂವಿನ ಹೊಲಕ್ಕೆ ಅರಿಸಿನ ಉದುರಿಸಿದೆ. ಅಲ್ಲಿಗೆ ನಿಲ್ಲಬಹುದಿತ್ತು, ಮನಸ್ಸು ನಿಲ್ಲಲಿಲ್ಲ. ಹಲಗೆ ಗೋಡೆಗುಂಟ ಸಾಗಿ ಕಿಟಕಿಯ ಕೆಳಗೆ ಬಂತು. ಅಲ್ಲಿ ಅವಳು ಕಲಿಸಿದ ಹೆಸರಿನ ಮರಗಳನ್ನೆಲ್ಲ ದಟ್ಟವಾಗಿ ನೆಟ್ಟೆ, ಬಿದಿರಿನ ಮೆಳೆಗೆ ಪೊರಕೆಯ ತುದಿಗಳನ್ನು ಕತ್ತರಿಸಿ ನಿಲ್ಲಿಸಿದೆ, ಕಾಡಿನ ನಟ್ಟನಡುವೆ ಪುಟ್ಟ ನಿಲ್ದಾಣವೊಂದನ್ನು ಇಟ್ಟು ಬಂಡೀಪುರ ಎಂದು ಬರೆದೆ. ನಿಲ್ದಾಣದಲ್ಲಿ ಖಾಕಿ ಬಣ್ಣ ಹಚ್ಚಿದ, ಬೆಂಕಿಕಡ್ಡಿಯಷ್ಟು ಎತ್ತರದ ಒಬ್ಬಳು ಹೆಂಗಸು.

ಅವಳು ಬಂದದ್ದು ಹೇಳದೆ, ಒಂದು ಭಾನುವಾರ ಮಧ್ಯಾಹ್ನ. ಇಲಾಖೆಯ ಜೀಪೊಂದು ಗುಂಡ್ಲುಪೇಟೆಗೆ ಹೊರಟಿತ್ತಂತೆ. ಹತ್ತಿಕೊಂಡು, ಅಲ್ಲಿಂದ ಬಸ್ಸು ಹಿಡಿದು ಬಂದಿದ್ದಳು. ಸಂಜೆಗೆ ಹಿಂದಿರುಗಲೇಬೇಕು. ಒಂದು ಹುಬ್ಬಿನ ತುದಿ ಸೀದಿತ್ತು. ಮುಖ ತೊಳೆದು ಬಂದರೂ ಕೂದಲಲ್ಲಿ ಹೊಗೆಯ ವಾಸನೆ. ಊಟಕ್ಕಿಡುವುದನ್ನೂ ಮರೆತು ನಾನು ಅವಳ ಕೈಹಿಡಿದು ಮೇಜಿನ ಮುಂದೆ ನಿಲ್ಲಿಸಿ ಸ್ವಿಚ್ಚು ಒತ್ತಿದೆ.

ರೈಲು ಬದನಗುಪ್ಪೆ ಬಿಟ್ಟು ಚಾಮರಾಜನಗರಕ್ಕೆ ಬಂತು, ಅಲ್ಲಿ ನಿಲ್ಲದೆ ಮುಂದೆ ಸಾಗಿತು. ನಾಗಮಣಿ ಅಚ್ಚರಿಯಿಂದ ನನ್ನ ಮುಖ ನೋಡಿ ನಕ್ಕಳು. ಗುಂಡ್ಲುಪೇಟೆಯ ಹಳದಿ ಹೊಲ ಬಂದಾಗ "ಅಯ್ಯೋ ಚೆಂಡುವ್ವ!" ಎಂದು ಬಗ್ಗಿದಳು. ರೈಲು ಕಾಡಿನೊಳಕ್ಕೆ ತಿರುಗಿತು. ಆಗ ಅವಳು ಬಗ್ಗಿದ್ದ ಹಾಗೆಯೇ ಕೈ ಚಾಚಿ, ಹಳಿಗೆ ಅಡ್ಡಲಾಗಿ ಅಂಗೈ ಇಟ್ಟಳು. ಎಂಜಿನ್ನು ಅವಳ ಕೈಗೆ ತಾಗಿ ನಿಂತಿತು. ಗಾಲಿಗಳು ಮಾತ್ರ ನಿಂತಲ್ಲೇ ತಿರುಗುತ್ತಿದ್ದವು.

"ಆಫ್ ಮಾಡು ಬಾವ."

ಮಾಡಿದೆ.

"ಕಾಡೊಳಕ್ಕೆ ರೈಲು ಬುಟ್ಬುಟ್ಟಿದ್ದೀಯಲ್ಲ."

"ನಿನ್ನ ತಾವ್ಕೆ ಬರ್ಲಿ ಅಂತ ಕಣಮ್ಮಿ. ಆಟದ್ದು ತಾನೆ?"

"ಆಟದ್ದು ಅಂತ ಗೊತ್ತು ಕಣ. ಮೊನ್ನೆ ರೋಡಲ್ಲಿ ಒಂದು ಕಡವೆ ಮರೀಗೆ ಗಾಡಿ ಗುದ್ಬುಟ್ಟು ಓಗಿತ್ತು. ನಾವು ಅದ್ನ ಎತ್ತಿ ಪಕ್ಕಕ್ಕಾಕುದ್ರೂ ಅದರವ್ವ ಅಲ್ಲೇ ಮರದ ಸಂದಿಲಿ ನಿಂತಿತ್ತು. ಓಡಿಸಿದ್ರೂ ಓಗ್ನಿಲ್ಲ. ಈ ಹಳಿ ನೋಡ್ತಿದ್ರೆ ನಂಗೆ ಅದೇ ಗ್ಯಾನ ಬತ್ತದೆ."

ನನಗೆ ನೋವಾಗಲಿಲ್ಲವೆಂದರೆ ಸುಳ್ಳಾದೀತು. ಅವಳಿಲ್ಲದ ಅಷ್ಟೂ ಭಾನುವಾರಗಳನ್ನು ನಾನು ಆ ಹಲಗೆಯ ಮೇಲೆ ಸುರಿದಿದ್ದೆ. "ಮತ್ತೆ ನಾನು ಇನ್ನೆಂಗೆ ಬರ್ಲಿ, ಏಳು?" ಎಂದೆ. ದನಿ ನನಗರಿವಿಲ್ಲದೆ ಏರಿತ್ತು.

ಅವಳು ಖಾಕಿಯ ಆ ಪುಟ್ಟ ಹೆಂಗಸನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಕಣ್ಣು ತುಂಬಿತ್ತು. ಆಮೇಲೆ ಮೆತ್ತಗೆ ಹೇಳಿದಳು:

"ಗುಂಡ್ಲುಪೇಟೆಗಂಟ ಬಸ್ ಅದೆಯಲ್ಲ ಬಾವ. ನಂಗೆ ಒಂದ್ ದಿನ ರಜ ಸಿಕ್ಕಲ್ಲ, ಅರ್ಧ ದಿನ ಸಿಕ್ತದೆ. ಇವತ್ತೇನೋ ಜೀಪ್ ಸಿಕ್ತು, ಇಲ್ದಿದ್ರೆ ಅರ್ಧ ದಿನದಲ್ಲಿ ಇಲ್ಲಿಗಂಟ ಬಂದು ಓಗಕ್ಕಾಗಲ್ಲ, ಗುಂಡ್ಲುಪೇಟೆಗೆ ಆಗ್ತದೆ. ಟೇಬಲ್ ಮೇಲೆ ಇಷ್ಟು ದೂರ ಬಂದಿದ್ದೀಯೆ, ಬಸ್ಸಲ್ಲಿ ಅಷ್ಟು ದೂರ ಬರಕ್ಕಿಲ್ವಾ?"

ಇಂಥ ಸರಳವಾದ ಮಾತು ನಮ್ಮಿಬ್ಬರಿಗೂ ಅದುವರೆಗೆ ಹೊಳೆದಿರಲಿಲ್ಲ. ಅವಳು ಬರುವವಳು, ನಾನು ಕಾಯುವವನು ಎಂದು ಯಾರು ಗೊತ್ತುಮಾಡಿದ್ದರೋ! ಹಂಬಲವೆನ್ನುವುದು ಹಾಗೆಯೇ ಇರಬೇಕು ಸ್ನೇಹಿತರೇ. ಅದು ಮನುಷ್ಯನನ್ನು ಕೂತಲ್ಲೇ ಕೂರಿಸಿ, ಕೈಗೊಂದು ಸುತ್ತಿಗೆ ಕೊಟ್ಟು, ಇಡೀ ಪ್ರಪಂಚವನ್ನೇ ಕಟ್ಟಿಸುತ್ತದೆ. ಎದ್ದು ಚಪ್ಪಲಿ ಮೆಟ್ಟು ಎಂದು ಮಾತ್ರ ಹೇಳುವುದಿಲ್ಲ.

ಊಟವಾದ ಮೇಲೆ ಇಬ್ಬರೂ ಕೂಡಿ ಕಾಡಿನ ಹಳಿ ಕಿತ್ತೆವು. ಅವಳು ಮೊಳೆ ಎಳೆದಳು, ನಾನು ಹಳಿ ಎತ್ತಿದೆ. ಹಳಿಯಿದ್ದ ಜಾಗದಲ್ಲಿ ಬೋಳು ಗೆರೆಯೊಂದು ಉಳಿದಾಗ, "ಇಲ್ಲಿ ಉಲ್ಲು ಬೆಳೀತದೆ ಬುಡು" ಎಂದು ಹಸಿರು ಬಣ್ಣದ ಮರದ ಹೊಟ್ಟನ್ನು ಮುಷ್ಟಿಯಲ್ಲಿ ತೆಗೆದು ಉದುರಿಸಿದಳು. ಅವಳ ಬಸ್ಸಿಗೆ ಹೊತ್ತಾಗಿತ್ತು.

ಮರುವಾರ ನಾನು ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಕಿಟಕಿಯಾಚೆ ಒಣಗಿ ಬಿರಿದ ಹೊಲಗಳು; ಅರಿಸಿನ ಬೇಯಿಸುವ ವಾಸನೆ ಅಲ್ಲಲ್ಲಿ. ನಾನು ಮಾಡಿದ ಹೊಲಗಳಿಗಿಂತ ಇವು ಕೆಂಪಾಗಿದ್ದವು, ದೂರವೂ ನಾನು ಅಳೆದದ್ದಕ್ಕಿಂತ ಹೆಚ್ಚಿತ್ತು. ಬಸ್ ನಿಲ್ದಾಣದಲ್ಲಿ ಕೇರಳದ ಕಡೆಗೆ ಹೋಗುವವರು, ಊಟಿಗೆ ಹೊರಟವರು, ಎಲ್ಲರೂ ಎಲ್ಲಿಗೋ ದಾಟಿ ಹೋಗುವವರೇ. ಅಲ್ಲಿಗೇ ಎಂದು ಬಂದವನು ನಾನೊಬ್ಬನೇ ಇರಬೇಕು. ಬಂಡೀಪುರದ ಕಡೆಯಿಂದ ಬಂದ ಬಸ್ಸಿನಿಂದ ನಾಗಮಣಿ ಯೂನಿಫಾರಮ್ಮಿನಲ್ಲೇ ಇಳಿದಳು. ಮಲಯಾಳಿಯೊಬ್ಬರ ಹೋಟೆಲಿನಲ್ಲಿ ಪೊರೋಟ ತಿಂದೆವು. ಹೇಳಬೇಕೆಂದು ಕೂಡಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೆರಡನ್ನು ಆಡುವಷ್ಟರಲ್ಲಿ, ನಿಲ್ದಾಣದ ಕಲ್ಲುಬೆಂಚಿನ ಮೇಲೆ ನನ್ನ ಹೆಗಲಿಗೆ ಒರಗಿ ಅವಳು ನಿದ್ದೆಹೋದಳು. ಎಷ್ಟು ದಿನದ ನಿದ್ದೆಯೋ. ಜನ ನೋಡುತ್ತಿದ್ದರು, ನೋಡಲಿ ಎಂದು ಕುಳಿತೆ. ಬಂಡೀಪುರಕ್ಕೆ ಹೋಗುವ ಬಸ್ಸೊಂದು ಬಂತು, ಕಂಡಕ್ಟರ್ ಕೂಗಿದ, ಹೋಯಿತು. ನಾನು ಎಬ್ಬಿಸಲಿಲ್ಲ.

ಮುಂದಿನದಕ್ಕೆ ಅವಳೇ ಎಚ್ಚರಗೊಂಡು, ಗಡಬಡಿಸಿ ಎದ್ದು, ಕೂದಲು ಸರಿಮಾಡಿಕೊಳ್ಳುತ್ತ ಬಸ್ಸು ಹತ್ತಿದಳು. ಕಿಟಕಿಯಿಂದ ತಲೆ ಹೊರಹಾಕಿ ಕೇಳಿದಳು:

"ಈ ವಾರ ರೈಲಿನ ಕೆಲ್ಸ ಎಷ್ಟಾಯ್ತು ಬಾವ?"

"ಏನೂ ಆಗ್ನಿಲ್ಲ ಕಣಮ್ಮಿ."

ಬಸ್ಸು ಹೊರಟಿತ್ತು. ಸುತ್ತ ಜನರಿದ್ದಾರೆಂಬುದನ್ನೂ ಮರೆತು, ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಹೇಳಿದಳು:

"ಮುಂದಿನ ವಾರಾನೂ ಏನೂ ಮಾಡ್ಬ್ಯಾಡ!"