ಬರೀ ನಡೆಯಲಿಕ್ಕೆಂದೇ ನಡೆಯುವವನು

ಶರಣಪ್ಪ ನನ್ನ ಜೊತೆ ಮಾತು ಬಿಡುವುದೊಂದೇ ಬಾಕಿ ಇತ್ತು. ಕಾರಣ? ಅವನು ಕರೆದಾಗಲೆಲ್ಲ ನಾನು ಅವನ ಫಟಫಟಿ ಬೈಕು ಹತ್ತಲಿಲ್ಲ.

ಅಫಜಲಪುರದ ಮಾಸ್ತರನೊಬ್ಬ ಘತ್ತರಗಿ ರಸ್ತೆಯಲ್ಲಿ ಕೈಬೀಸಿಕೊಂಡು ಸುಮ್ಮನೆ ನಡೆಯುತ್ತಾನೆಂದರೆ ಏನರ್ಥ? ಬಸ್ಸು ತಪ್ಪಿದೆ, ಇಲ್ಲವೇ ಮನೆಯಲ್ಲಿ ಜಗಳವಾಗಿದೆ. ಎರಡಕ್ಕೂ ನಮ್ಮವರ ಪರಿಹಾರ ಒಂದೇ: ಗಾಡಿ ನಿಲ್ಲಿಸಿ ಹತ್ತಿಸಿಕೊಳ್ಳುವುದು. ಒಲ್ಲೆನೆಂದರೆ ಅವರಿಗೆ ಅವಮಾನ.

ನನಗೆ ನಡೆಯಲು ಹೇಳಿದ್ದು ಡಾಕ್ಟರು. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಂದು ಹೋದ ತಿಂಗಳು ಸೊಲ್ಲಾಪುರಕ್ಕೆ ಹೋಗಿ ಎದೆಯ ಎಕೋ ಪರೀಕ್ಷೆ ಮಾಡಿಸಿದೆ. "ಹೃದಯದ ಪಂಪಿಂಗ್ ಸ್ವಲ್ಪ ಕಡಿಮೆ" ಎಂದರು. ಹಾಗಾದರೆ ನಿಂತೇಬಿಡುತ್ತದೆಯೇ ಎಂದು ಕೇಳಿಬಿಟ್ಟೆ. ಪಾಪ, ತಾಳ್ಮೆಯಿಂದ ವಿವರಿಸಿದರು. ಎಂಥ ಗಟ್ಟಿ ಹೃದಯವೂ ತುಂಬಿಕೊಂಡ ರಕ್ತವನ್ನೆಲ್ಲ ಒಮ್ಮೆಗೇ ಹೊರಗೆ ತಳ್ಳುವುದಿಲ್ಲವಂತೆ. ಅರ್ಧಕ್ಕಿಂತ ತುಸು ಹೆಚ್ಚು ತಳ್ಳುತ್ತದೆ. ನನ್ನದು ಅರ್ಧಕ್ಕಿಂತ ತುಸು ಕಡಿಮೆ. ಗುಳಿಗೆ ತಪ್ಪಿಸಬೇಡಿ, ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ, ಏದುಸಿರು ಬಂದರೆ ನಿಲ್ಲಿ, ಕಾಲು ಬಾತರೆ ಕೂಡಲೇ ಬನ್ನಿ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನಾಕೆ ತಿವಿದಳು: "ಸ್ವಲ್ಪ ಅಂದಾರ್ರಿ, ಸ್ವಲ್ಪ! ಮಾರಿ ಯಾಕ್ ಹಂಗ ಮಾಡೀರಿ?"

ಇದನ್ನು ಊರಿಗೆ ಹೇಳುವುದುಂಟೇ? ಸಂಜೆಯೊಳಗೆ ಜನ ಬಿಸ್ಕತ್ತಿನ ಪುಡಿಕೆ ಹಿಡಿದು ನೋಡಲು ಬರುತ್ತಾರೆ. ಅವರ ಸಮಾಧಾನಕ್ಕಾದರೂ ನಾನು ಹೊದ್ದು ಮಲಗಿರಬೇಕು. (ಎದೆನೋವಿನಿಂದ ಹೋದ ಸಂಬಂಧಿಕರ ಕಥೆಗಳನ್ನು ಬೇರೆ ಕೇಳಬೇಕು.) ಬಾಯಿ ಮುಚ್ಚಿಕೊಂಡು ನಡೆದೆ.

ಕೊನೆಗೊಂದು ದಿನ ಶರಣಪ್ಪ (ಕರಜಗಿಯಲ್ಲಿ ಕಬ್ಬು ಬೆಳೆಯುವವ, ನನ್ನ ಹಳೆಯ ಗೆಳೆಯ) ಗಾಡಿಯನ್ನು ಅಡ್ಡವೇ ನಿಲ್ಲಿಸಿದ.

"ನನ್ ಗಾಡಿಗೇನ್ ಮುಳ್ಳ ಅದಾವೇನ್ರಿ ಮಾಸ್ತರ? ಖರೇ ಹೇಳ್ರಿ, ನನ್ ಮ್ಯಾಲ ಏನ್ ಸಿಟ್ಟದ?"

ಎಲ್ಲ ಹೇಳಿಬಿಟ್ಟೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನಡೀಲಿಲ್ಲಂದ್ರ ಏನಾಗ್ತದ?"

"ಇನ್ನೂ ಕಡಿಮೆ ಆಗಬಹುದು."

"ಹಂಗಾರ ಹತ್ತಬ್ಯಾಡ್ರಿ! ಇನ್ ಮ್ಯಾಲ ನಿಮ್ಮನ್ನ ಯಾರರ ಹತ್ತಿಸ್ಕೊಂಡ್ರ, ಅವ್ರನ್ನ ನಾ ನೋಡ್ಕೋತೇನಿ."

ಊರಿಗೆಲ್ಲ ಸುದ್ದಿಯಾಯಿತು. ಆದರೆ ಬಿಸ್ಕತ್ತು ಬರಲಿಲ್ಲ, ಗಾಡಿಗಳೂ ನಿಲ್ಲಲಿಲ್ಲ. "ನಡೀರಿ ಮಾಸ್ತರ, ನಡೀರಿ!" ಎಂದು ಹಾರ್ನ್ ಹೊಡೆದು ದಾಟಿಹೋಗುತ್ತಾರೆ. ಕಾಯಿಲೆಗಿಂತ ಅದನ್ನು ಮುಚ್ಚಿಡುವುದೇ ನನ್ನನ್ನು ಹೆಚ್ಚು ದಣಿಸಿತ್ತು ಎಂದು ಆಗ ಗೊತ್ತಾಯಿತು.

ಹಾಗೆಂದು ನಾನು ಪೂರ್ತಿ ಬುದ್ಧಿವಂತನಾದೆ ಎಂದುಕೊಳ್ಳಬೇಡಿ. ಮೊನ್ನೆ ಬಿಸಿಲಿಗೆ ಏದುಸಿರು ಬಂತು. ಪಕ್ಕದಲ್ಲೇ ಸಣ್ಣ ಸೇತುವೆಯ ಕಟ್ಟೆ ಇತ್ತು, ಮೇಲೆ ಜಾಲಿಯ ನೆರಳು. ಕೂರಬೇಕು ಎನ್ನುವಷ್ಟರಲ್ಲಿ ಎದುರಿಗೆ ಶರಣಪ್ಪನ ಗಾಡಿ. ಕೂತರೆ ಏನಂದುಕೊಂಡಾನು? ಎದೆ ಸೆಟೆಸಿ ಇನ್ನೂ ಜೋರಾಗಿ ಹೆಜ್ಜೆ ಹಾಕಿದೆ! ಅವನು ಮರೆಯಾದ ಮೇಲೆ ತಿರುಗಿ ಬಂದು ಕಟ್ಟೆಯ ಮೇಲೆ ಕುಸಿದೆ. (ಇದನ್ನು ಓದಿ ನನ್ನಾಕೆ ಏನೆನ್ನುತ್ತಾಳೋ.)

ನಡೆಯುವುದಕ್ಕೆ ಇಡೀ ಊರನ್ನೇ ಒಪ್ಪಿಸಿದವನಿಗೆ, ಒಂದು ಗಳಿಗೆ ಕೂರಲು ತನ್ನನ್ನೇ ಒಪ್ಪಿಸುವುದು ಯಾಕಿಷ್ಟು ಕಷ್ಟ?