ನೀರು ಕೊಡದವಳು

ತೇರದಾಳದಲ್ಲಿ ಸುಪ್ರೀತಾಳಿಗೆ ಈಗೊಂದು ಹೆಸರು ಬಿದ್ದಿದೆ: ಬಾಗಿಲಿಗೆ ಬಂದವನಿಗೆ ನೀರೂ ಕೊಡದವಳು. ಅರ್ಧ ಕೇಳಿ ಪೂರ್ತಿ ಹೇಳುವ ಬಾಯಿಗಳಿಗೆ ಬರವೇ? ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಮೈ ಉರಿಯುತ್ತದೆ.

ಜಮಖಂಡಿಯಲ್ಲಿ ನರ್ಸಿಂಗ್ ಕಲಿತ ಅವಳು ದಕ್ಷಿಣ ಸುಡಾನಿನಲ್ಲಿ ಪರಿಹಾರ ಸಂಸ್ಥೆಯೊಂದರ ದವಾಖಾನೆ ಸೇರಿದ್ದಳು. ಅದರ ಗೇಟಿನ ಮೇಲೆ ಬಂದೂಕಿನ ಚಿತ್ರ ಬರೆದು ಅಡ್ಡಗೀಟು ಎಳೆದಿದ್ದರು. ಕಾದಾಡುವ ಎರಡೂ ಕಡೆಯ ಹೆಂಗಸರು ಹೆರಿಗೆಗೆ ಬರುತ್ತಿದ್ದುದು ಆ ಗೀಟನ್ನು ನಂಬಿ. ಶಾಂತಿ ಕಾಯಲು ಹೋದ ನಮ್ಮ ದೇಶದ ಪಡೆಯೂ ಹತ್ತಿರದಲ್ಲೇ ಬೀಡುಬಿಟ್ಟಿತ್ತು. ನರ್ಸ್ ತೇರದಾಳದವಳೆಂದು ತಿಳಿದದ್ದೇ ತಡ, ಆ ಪಡೆಯ ಹವಾಲ್ದಾರ, ಅದೇ ಸೀಮೆಯ ಬಾಡಗಂಡಿಯ ಕಲ್ಮೇಶ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟ. ಬಂದೂಕು ಹಿಡಿದ ನಾಲ್ವರನ್ನು ಕೂರಿಸಿಕೊಂಡು ಗಾಡಿಯನ್ನು ಗೇಟಿಗೇ ತಂದು ನಿಲ್ಲಿಸಿದ. ಇಂಥ ಒಳ್ಳೆಯತನಕ್ಕೆ ಏನೆನ್ನಬೇಕು!

“ಅಣ್ಣಾರ, ಗಾಡಿ ದೂರ ಒಯ್ಯಿರಿ. ಬಂದೂಕು ನೋಡಿದ್ರ ಇಲ್ಲಿ ಯಾರೂ ಬರೂದಿಲ್ಲ,” ಎಂದಳು ಸುಪ್ರೀತಾ.

“ಅಯ್ಯ ತಂಗಿ, ನಾವು ನಿಮ್ಮನ್ನ ಕಾಯಾಕ ಬಂದವ್ರು. ಮದಲ ನೀರರ ಕೊಡು.”

ಅಷ್ಟರಲ್ಲಿ, ರಸ್ತೆಯಾಚೆ ಬಸುರಿಯೊಬ್ಬಳನ್ನು ಹೊರಸಿನ ಮೇಲೆ ಹೊತ್ತು ತರುತ್ತಿದ್ದವರು ಸಿಪಾಯಿಗಳನ್ನು ಕಂಡು ಗಕ್ಕನೆ ನಿಂತರು. ಹೊರಸು ತಿರುಗಿಸಿದರು. ಸುಪ್ರೀತಾ ಎಲ್ಲ ಬಿಟ್ಟು ಅವರ ಹಿಂದೆ ಓಡಿದಳು. ಕೂಗಿದಷ್ಟೂ ಅವರು ಬಿರುಸಾಗಿ ನಡೆದರು.

ಕಲ್ಮೇಶ ಮುಖ ಊದಿಸಿಕೊಂಡು ಹೋದ. ರಜೆಗೆ ಬಂದಾಗ ಸಿಕ್ಕಸಿಕ್ಕವರ ಮುಂದೆ ಅವಳನ್ನು ಆಡಿಕೊಂಡ. ಸುಪ್ರೀತಾಳೂ ಊರಿಗೆ ಬಂದಿದ್ದಾಳೆಂದು ಕೇಳಿ ಮೊನ್ನೆ ಮನೆಗೇ ಬಂದು, ಅವಳ ಅಪ್ಪ ಅನಂತಪ್ಪನವರ ಮುಂದೆ ಕುಳಿತ.

“ನಿಮ್ಮ ಮಗಳು ನೀರ ಸೈತ ಕೊಡಲಿಲ್ಲರೀ ಕಾಕಾ.”

ಬಂದವರಿಗೆ ನೀರು ಕೊಟ್ಟು ಆಮೇಲೆ ಮಾತಾಡಿಸುವ ಮನೆತನ ಅದು. ಅನಂತಪ್ಪನವರ ತಲೆ ತಗ್ಗಿತು. “ತಪ್ಪಾತು ಅನ್ನವ್ವಾ,” ಎಂದರು ಮಗಳಿಗೆ.

ಸುಪ್ರೀತಾ ಒಳಗೆ ಹೋಗಿ ಬೆಲ್ಲ, ತಂಬಿಗೆ ನೀರು ತಂದು ಅವನ ಮುಂದೆ ಕುಕ್ಕಿದಳು.

“ತಗೋರಿ. ಇವತ್ತ ನಿಮ್ಮ ಕೈಯಾಗ ಬಂದೂಕಿಲ್ಲ, ಕುಡೀರಿ. ಅವತ್ತ ಹೊರಸಿನ ಮ್ಯಾಲ ಬಂದಾಕಿ ಹಾದ್ಯಾಗ ಸತ್ತಳು. ಕೂಸೂ ಹೋತು. ಆಮ್ಯಾಲ ಆ ಕಡೆ ಹೆಣ್ಮಕ್ಕಳು ಒಬ್ರೂ ನಮ್ಮ ದವಾಖಾನಿಗೆ ಬರಲಿಲ್ಲ.”

ಕಲ್ಮೇಶನ ಕೈ ತಂಬಿಗೆಯ ಮೇಲೆ ನಿಂತಿತು. “ನನಗ ಗೊತ್ತಿರಲಿಲ್ಲ ತಂಗಿ.”

“ಗೇಟಿನ ಮ್ಯಾಲ ಬರದಿತ್ತಲ್ರಿ! ಓದಾಕ ಬರಲಾರದವ್ರಿಗೆ ಸೈತ ತಿಳೀತಿತ್ತು!”

ತಂಬಿಗೆ ಅಲ್ಲೇ ಉಳಿಯಿತು. ಅನಂತಪ್ಪನವರು ಕುಡಿಯಪ್ಪಾ ಎನ್ನಲಿಲ್ಲ.